ಅಪ್‌ಡೇಟ್: ಯಾವ ಬಟನ್ ಒತ್ತಿದರೂ ‘ಜಯನಗರ’ ಅಂತಿದ್ದ ಫಾರ್ಮ್ ಸರಿಹೋಯಿತು

ಚಿಕ್ಕಪೇಟೆಯಲ್ಲಿರುವ ಮಾವನ ಸೀರೆ ಅಂಗಡಿಗೆ ಪವರ್‌ಶೆಲ್‌ನಲ್ಲಿ (ಮೈಕ್ರೋಸಾಫ್ಟ್‌ನ ಸ್ಕ್ರಿಪ್ಟ್ ಭಾಷೆ) ಡೆಲಿವರಿ ಫಾರ್ಮ್ ಬರೆಯುತ್ತಿದ್ದೇನೆ, ಅದರ ಒಂದು ತೊಂದರೆ ಬಗ್ಗೆ ಇಲ್ಲಿ ಹಿಂದೆ ಕೇಳಿದ್ದೆ. ಮಲ್ಲೇಶ್ವರ, ಬಸವನಗುಡಿ, ಜಯನಗರ ಅಂತ ಲೂಪ್‌ನಲ್ಲಿ, ಅಂದರೆ ಒಂದೇ ಕೋಡ್ ಪ್ರತಿ ಹೆಸರಿಗೂ ಮತ್ತೆ ಓಡುವಂತೆ, ಬಟನ್ ಮಾಡಿದ್ದೆ. ಯಾವುದನ್ನು ಒತ್ತಿದರೂ ಜಯನಗರವೇ ಬರುತ್ತಿತ್ತು.

ಕಾರಣ ಈಗ ಗೊತ್ತಾಯಿತು. ಕ್ಲಿಕ್‌ಗೆ ಕೊಟ್ಟ ಕೋಡ್ ಲೂಪ್ ಓಡುವಾಗ ನಡೆಯುವುದಿಲ್ಲ, ಬಟನ್ ಒತ್ತಿದಾಗ ನಡೆಯುತ್ತದೆ. ಅಷ್ಟು ಹೊತ್ತಿಗೆ ಹೆಸರು ಹಿಡಿದಿಡುವ ವೇರಿಯೇಬಲ್‌ನಲ್ಲಿ ಕೊನೆಯ ಹೆಸರು ಮಾತ್ರ ಉಳಿದಿರುತ್ತದೆ. ನೀವು ಹೇಳಿದಂತೆ ಹೆಸರನ್ನು ಆಯಾ ಬಟನ್‌ನ ಟ್ಯಾಗ್‌ನಲ್ಲೇ (ಬಟನ್ ಜೊತೆಗೇ ಮಾಹಿತಿ ಇಡುವ ಜಾಗ) ಇಟ್ಟೆ. ಹ್ಯಾಂಡ್ಲರ್ (ಆ ಕ್ಲಿಕ್ ಕೋಡ್) ಒಳಗೆ ‘ಡಾಲರ್ ದಿಸ್’ ($this) ಅಂದರೆ ಒತ್ತಿದ ಬಟನ್ನೇ ಅಲ್ವಾ, ಅದರ ಟ್ಯಾಗ್ ಓದಿಸಿದೆ. ಅಷ್ಟೇ! ಇದಕ್ಕೆ ಎರಡು ರಾತ್ರಿ ಸುಮ್ನೆ ಹಾಳು ಮಾಡಿಕೊಂಡೆ.

ವೇರಿಯೇಬಲ್‌ನಲ್ಲಿ ಆ ಹೊತ್ತಿಗೆ ಇರುವುದನ್ನು ಕೋಡ್ ಜೊತೆಗೇ ಹಿಡಿದಿಡುವ ‘ಗೆಟ್‌ನ್ಯೂಕ್ಲೋಷರ್’ (GetNewClosure) ಕೂಡ ನೋಡಿದೆ. ಹೆಸರು ಸರಿ ಬಂತು, ಆದರೆ ಅದರೊಳಗೆ ಸ್ಕ್ರಿಪ್ಟ್ ಸ್ಕೋಪ್ (ಇಡೀ ಸ್ಕ್ರಿಪ್ಟ್‌ಗೆ ಸೇರಿದ ವೇರಿಯೇಬಲ್‌ಗಳ ವ್ಯಾಪ್ತಿ) ಬೇರೆಯಾಗಿಬಿಡುತ್ತದೆ. ನನಗದು ಬೇಡವಾಯಿತು, ಯಾಕೆಂದರೆ ಬಟನ್ ಒತ್ತಿದಂತೆ ಏರಬೇಕಾದ ಪಾರ್ಸೆಲ್ ಎಣಿಕೆಗೆ ಆ ಸ್ಕೋಪೇ ಬೇಕು. ಎಣಿಕೆ ಮೊದಲು 1 ದಾಟುತ್ತಲೇ ಇರಲಿಲ್ಲ. ಹ್ಯಾಂಡ್ಲರ್ ಪ್ರತಿ ಸಲ ತನ್ನದೇ ಹೊಸ ವೇರಿಯೇಬಲ್‌ಗೆ ಬರೆಯುತ್ತಿತ್ತು. ಆ ವೇರಿಯೇಬಲ್ ಹೆಸರಿನ ಮುಂದೆ ‘ಸ್ಕ್ರಿಪ್ಟ್’ ಅಂತ ಹಾಕಿ ಕೋಲನ್ ಕೊಟ್ಟ ಮೇಲೆ ($script:) ಎಣಿಕೆ ಏರತೊಡಗಿತು.

ಮಾವ ಈಗ ಬಟನ್ ಬಣ್ಣ ಚೆನ್ನಾಗಿಲ್ಲ ಅಂತಿದ್ದಾರೆ.