ಕಾಬೂಲಿನ ಪ್ಲಾನ್ ಆಚೆಯ ಮನೆಗಳಿಗೆ ಕೊಟ್ಟ ಪತ್ರಕ್ಕೆ ಬೆಲೆ ಎಷ್ಟು?

ಭೂಪಟ: ಕಾಬೂಲಿನ ಸುಮಾರು ಶೇ 70ರಷ್ಟು ಜನ ಇರುವುದು ಮಾಸ್ಟರ್ ಪ್ಲಾನ್‌ನಲ್ಲಿ ಇಲ್ಲದ ಬಡಾವಣೆಗಳಲ್ಲಿ. 2021ಕ್ಕೆ ಮುಂಚೆ 'ಎಲ್ಲರಿಗೂ ನಗರ' ಕಾರ್ಯಕ್ರಮದಡಿ ಅಲ್ಲಿನ ಮನೆಗಳನ್ನು ಅಳೆದು ಪತ್ರ ಕೊಡುತ್ತಿದ್ದರು. ಅದು ನಮ್ಮ ಖಾತಾ ಇದ್ದಂತೆಯೇ? ಅಳತೆ ಹೇಗೆ ನಡೆಯುತ್ತಿತ್ತು? ಪತ್ರ ಬಂದರೆ ನೀರು, ಚರಂಡಿಯೂ ಬರುತ್ತದೆಯೇ? ತಿಳಿದವರು ಬಿಡಿಸಿ ಹೇಳಿ.

ಗಡಿಕಲ್ಲು: ಮೊದಲು ಪ್ಲಾನ್ ವಿಚಾರ. 1964ರ ಪ್ಲಾನ್ 8 ಲಕ್ಷ ಜನಕ್ಕೆ, 1978ರದ್ದು 20 ಲಕ್ಷಕ್ಕೆ. ಆಮೇಲೆ ಯುದ್ಧ ಬಂತು, ಪ್ಲಾನ್ ಪ್ರಕಾರ ನಿವೇಶನ ಮಾಡಿ ಹಂಚುವ ಕೆಲಸ ನಿಂತಿತು. 2001ರ ನಂತರ ಪಾಕಿಸ್ತಾನ, ಇರಾನ್‌ನಿಂದ ಮರಳಿದವರು ಮನೆ ಕಟ್ಟಿದಾಗಲೂ ಪುರಸಭೆಯ ಗೋಡೆ ಮೇಲಿದ್ದದ್ದು ಅದೇ 1978ರ ನಕ್ಷೆ. ಆದ್ದರಿಂದ ಅವರನ್ನೆಲ್ಲ ಒತ್ತುವರಿದಾರರು ಎನ್ನುವುದು ಅನ್ಯಾಯ. ಎಷ್ಟೋ ಜನ ದುಡ್ಡು ಕೊಟ್ಟೇ ಜಾಗ ಕೊಂಡವರು. ಅವರ ಕೈಯಲ್ಲಿರುವುದು 'ಉರ್ಫಿ' ಪತ್ರ, ಅಂದರೆ ಊರ ಹಿರಿಯರ ಸಾಕ್ಷಿ ಹಾಕಿಸಿ ಬರೆಸಿದ ಕ್ರಯಪತ್ರ. ಕೋರ್ಟಿನಲ್ಲಿ ನೋಂದಾದ 'ಶರಈ ಕಬಾಲಾ' ಅಲ್ಲ.

ಅಳತೆಗೆ ಉಪಗ್ರಹ ಚಿತ್ರವೇ ಆಧಾರ. ನಾಹಿಯಾ (ವಾರ್ಡಿಗಿಂತ ದೊಡ್ಡದು, ಕಾಬೂಲಿನಲ್ಲಿ 22), ಅದರೊಳಗೆ ಗುಜರ್ (ಮೊಹಲ್ಲಾ), ಅದರೊಳಗೆ ಬ್ಲಾಕ್, ಕೊನೆಗೆ ನಿವೇಶನ, ಹೀಗೆ ಸಂಖ್ಯೆ ಹಾಕುತ್ತಿದ್ದರು. ಆಮೇಲೆ ಮನೆಮನೆ ಗಣತಿ. ಮೊಹಲ್ಲಾದ ಪ್ರತಿನಿಧಿ 'ವಕೀಲ್-ಎ-ಗುಜರ್' ಮತ್ತು ಅಲ್ಲಿನ ಶೂರಾ (ಸ್ಥಳೀಯ ಮಂಡಳಿ) ಜೊತೆಗಿರದಿದ್ದರೆ ಬಾಗಿಲೇ ತೆರೆಯುತ್ತಿರಲಿಲ್ಲ. ಜಾಗ, ಕಟ್ಟಡ, ಸ್ಥಳ ನೋಡಿ 'ಸಫಾಯಿ' ಶುಲ್ಕ ನಿಗದಿಯಾಗುತ್ತಿತ್ತು. ಇದು ಪುರಸಭೆಯ ಸೇವಾ ತೆರಿಗೆ. ದಾಖಲೆಯಲ್ಲಿ ತಕರಾರಿಲ್ಲದವರಿಗೆ ಸ್ವಾಧೀನ ಪತ್ರ. ಅದರಲ್ಲಿ ಗಂಡನ ಜೊತೆ ಹೆಂಡತಿಯ ಹೆಸರನ್ನೂ ಸೇರಿಸಿದ್ದು ನಿಜಕ್ಕೂ ದೊಡ್ಡ ಹೆಜ್ಜೆ.

ಎಡವಟ್ಟಾಗುವುದು ಮೂರು ಕಡೆ. ಒಂದೇ ಕಾಂಪೌಂಡಿನಲ್ಲಿ ಅಣ್ಣತಮ್ಮಂದಿರ ನಾಲ್ಕು ಸಂಸಾರ ಇದ್ದರೆ ಚಿತ್ರದಲ್ಲಿ ಕಾಣುವುದು ಒಂದೇ ಗೋಡೆ. ಆಸಮಾಯಿ, ಶೇರ್ ದರ್ವಾಜಾ ಗುಡ್ಡಗಳ ಇಳಿಜಾರಿನಲ್ಲಿ ಕೆಳಮನೆಯ ಚಾವಣಿಯೇ ಮೇಲ್ಮನೆಯ ಅಂಗಳ, ಮೇಲಿಂದ ತೆಗೆದ ಚಿತ್ರದಲ್ಲಿ ಗಡಿ ಸಿಗುವುದಿಲ್ಲ, ಟೇಪ್ ಹಿಡಿದು ಹತ್ತಲೇಬೇಕು. ಮೂರನೆಯದು, ಬಲಾಢ್ಯರು ಕಬಳಿಸಿ ತುಂಡು ಮಾಡಿ ಮಾರಿದ ಸರ್ಕಾರಿ ಜಮೀನು. ಕೊಂಡವನು ಪ್ರಾಮಾಣಿಕ, ಮಾರಿದವನಿಗೆ ಹಕ್ಕೇ ಇರಲಿಲ್ಲ. ಅಳತೆ ಎಷ್ಟು ಚೊಕ್ಕವಾಗಿದ್ದರೂ ಈ ಗಂಟು ಬಿಚ್ಚುವುದಿಲ್ಲ.

ಖಾತಾ ಹೋಲಿಕೆ ಅರ್ಧ ಸರಿ. ಬಿ ಖಾತಾದಲ್ಲಿ ತೆರಿಗೆ ಕಟ್ಟಿದ ಮಾತ್ರಕ್ಕೆ ಆಸ್ತಿ ಸಕ್ರಮವಾಗದು. ಸಫಾಯಿ ರಸೀದಿಯೂ ಅಷ್ಟೇ. ಸ್ವಾಧೀನ ಪತ್ರ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ, ಮಾಲೀಕತ್ವಕ್ಕಿಂತ ಕೆಳಗೆ.

ನೀರುಗಂಟಿ: ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರ: ಇಲ್ಲ, ತಾನಾಗಿ ಬರುವುದಿಲ್ಲ. ಅಪಾಯ ಇರುವುದೇ ಅಲ್ಲಿ.

ಒಂದು ನಿವೇಶನ 10×15 ಮೀಟರ್ ಅಂದುಕೊಳ್ಳಿ. ಅದರಲ್ಲೇ ಬೋರ್‌ವೆಲ್, ಅದರಲ್ಲೇ ಪಾಯಿಖಾನೆ ಗುಂಡಿ. ಎರಡರ ನಡುವೆ ಸಾಮಾನ್ಯವಾಗಿ ಹೇಳುವ ಅಂತರ 30 ಮೀಟರ್, ಗುಂಡಿಯ ತಳ ಅಂತರ್ಜಲಕ್ಕಿಂತ ಕನಿಷ್ಠ 1.5 ಮೀಟರ್ ಮೇಲಿರಬೇಕು. ಆ ನಿವೇಶನದ ಮೂಲೆಯಿಂದ ಮೂಲೆಗೇ 18 ಮೀಟರ್. ನಿಮ್ಮದು ದೂರ ಮಾಡಿದರೆ ಪಕ್ಕದವರ ಗುಂಡಿಗೆ ಹತ್ತಿರವಾಗುತ್ತದೆ. ಅಂದರೆ ಒಂದು ಮನೆಯವರು ಮಾತ್ರ ಸರಿಮಾಡಿಕೊಳ್ಳುವ ಸಮಸ್ಯೆ ಇದಲ್ಲ, ಬ್ಲಾಕ್ ಮಟ್ಟದಲ್ಲೇ ಆಗಬೇಕು.

ನೀರೇ ತಳ ಸೇರುತ್ತಿದೆ. ವರ್ಷಕ್ಕೆ 300 ಮಿಲಿಮೀಟರ್ ಆಸುಪಾಸು ಮಳೆ-ಹಿಮ ಬೀಳುವ ಊರು. ಹತ್ತು ವರ್ಷದಲ್ಲಿ ಅಂತರ್ಜಲ 25ರಿಂದ 30 ಮೀಟರ್ ಕುಸಿದಿದೆ ಎಂದು 2025ರಲ್ಲಿ ಮರ್ಸಿ ಕಾರ್ಪ್ಸ್ ಎಂಬ ನೆರವು ಸಂಸ್ಥೆಯ ವರದಿ ಹೇಳಿತು. ದುಡ್ಡಿದ್ದವರು ಇನ್ನೂ ಆಳಕ್ಕೆ ಕೊರೆಸುತ್ತಾರೆ, ಪಕ್ಕದ ಬಡವನ ಬಾವಿ ಒಣಗುತ್ತದೆ. ಕಾಬೂಲಿಗೆ ನೀರು ಒದಗಿಸಲು ಮೈದಾನ್ ನದಿಗೆ ಶಾತೂತ್ ಅಣೆಕಟ್ಟು ಕಟ್ಟಲು 2021ರ ಫೆಬ್ರುವರಿಯಲ್ಲಿ ಭಾರತದೊಡನೆ ಒಪ್ಪಂದವಾಯಿತು. ಆಗಸ್ಟ್‌ನಲ್ಲಿ ಸರ್ಕಾರವೇ ಬಿತ್ತು.

ಭೂಪಟ: ಹಾಗಾದರೆ ನಾಹಿಯಾ ಮಟ್ಟದಲ್ಲಿ ಒತ್ತಡ ಹಾಕುವ ಚುನಾಯಿತ ಸದಸ್ಯರು ಇರಲಿಲ್ಲವೇ?

ಗಡಿಕಲ್ಲು: ಇರಲಿಲ್ಲ. ಮೇಯರ್ ಮತ್ತು ಪುರಸಭಾ ಮಂಡಳಿಗೆ ಚುನಾವಣೆ ನಡೆಸಬೇಕು ಎಂದು 2004ರ ಸಂವಿಧಾನದಲ್ಲಿತ್ತು, ಒಮ್ಮೆಯೂ ನಡೆಯಲಿಲ್ಲ. ಮೇಯರ್ ನೇಮಕವಾಗುತ್ತಿದ್ದದ್ದು ಮೇಲಿನಿಂದಲೇ. ಸಫಾಯಿ ಕಟ್ಟಿದ ಗುಜರ್‌ಗೆ ಆ ದುಡ್ಡಿನ ಲೆಕ್ಕ ಕೇಳಲು ಮತದ ದಾರಿಯೇ ಇರಲಿಲ್ಲ. ಕೆಲವು ಕಡೆ ಗುಜರ್ ಶೂರಾಗಳ ಜೊತೆ ಕೂತು ಗಟಾರ, ಓಣಿಗೆ ಕಾಂಕ್ರೀಟ್ ಮುಂತಾದ ಕೆಲಸ ಆರಿಸಿದ್ದುಂಟು. ಗುಡ್ಡದ ಓಣಿಯಲ್ಲಿ ಮೊದಲು ಆಗಬೇಕಾದದ್ದೂ ಅದೇ: ಬದಿಗಾಲುವೆ ತೋಡಿ, ಮೆಟ್ಟಿಲು ಕಟ್ಟಿ, ಕೊಳವೆಗೆ ಜಾಗ ಬಿಟ್ಟು, ಆಮೇಲೆ ಕಾಂಕ್ರೀಟ್. ಕೊಳವೆಗೆ ಜಾಗ ಬಿಡದೆ ಹಾಕಿದರೆ ನೀರಿನ ಲೈನ್ ಬರುವ ದಿನ ಅದನ್ನೇ ಒಡೆಯಬೇಕು.