ಸ್ಯಾನ್ ಆಂಟೋನಿಯೊದ ಪುಟ್ಟ ಖಾಸಗಿ ವಿವಿ: ಮಗಳನ್ನು ಸೇರಿಸಬಹುದಾ?

ಪ್ರಶ್ನೆ: ಮಗಳಿಗೆ ಅವರ್ ಲೇಡಿ ಆಫ್ ದ ಲೇಕ್ ಯೂನಿವರ್ಸಿಟಿಯಲ್ಲಿ ಸೋಶಿಯಲ್ ವರ್ಕ್ ಸೀಟು ಸಿಕ್ಕಿದೆ. ಅವಳು ಇಲ್ಲೇ, ಅಮೆರಿಕದಲ್ಲೇ ಹುಟ್ಟಿದವಳು. ಯಜಮಾನರದ್ದು ಎಚ್-1ಬಿ ಉದ್ಯೋಗ ವೀಸಾ, ನನ್ನದು ಅವರ ಅವಲಂಬಿತೆಯಾಗಿ ಎಚ್-4. ಅದು ‘ಹಿಸ್ಪಾನಿಕ್ ಸರ್ವಿಂಗ್’ ವಿವಿಯಂತೆ; ಅಂದರೆ ನಮ್ಮ ಮಕ್ಕಳಿಗಲ್ಲವೇ? ಫೀಸು ನೋಡಿ ಎದೆ ಧಸಕ್ಕೆಂದಿತು. ತಿಳಿದವರು ಹೇಳಿ.

ಡಲ್ಲಾಸ್‌ನಿಂದ: ಮೇಡಂ, ಅದು ಸಿಇಟಿಯ 2ಎ, 3ಬಿ ಥರದ ಮೀಸಲಾತಿ ಅಲ್ಲ. ಪದವಿ ವಿದ್ಯಾರ್ಥಿಗಳಲ್ಲಿ ಕನಿಷ್ಠ 25% ಹಿಸ್ಪಾನಿಕ್ (ಸ್ಪ್ಯಾನಿಷ್ ಭಾಷಿಕ ಮೂಲದ) ಮಕ್ಕಳಿರುವ ಕಾಲೇಜಿಗೆ ಆ ಹೆಸರು. ಆ ಲೆಕ್ಕದಲ್ಲಿ ಬರುತ್ತಿದ್ದ ಕೇಂದ್ರದ ಅನುದಾನ ಕಾಲೇಜಿಗೇ ಹೋಗುತ್ತಿತ್ತು, ವಿದ್ಯಾರ್ಥಿಯ ಕೈಗಲ್ಲ. ಟ್ಯೂಟರಿಂಗ್, ಲ್ಯಾಬ್, ಸಲಹೆಗಾರರ ಸಂಬಳ ಅದರಿಂದ ನಡೆಯುತ್ತಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಶಿಕ್ಷಣ ಇಲಾಖೆ ಇಂಥ ಸುಮಾರು 35 ಕೋಟಿ ಡಾಲರ್ ನಿಲ್ಲಿಸುವುದಾಗಿ ಘೋಷಿಸಿತು. ಹಾಗಾಗಿ ಯಾವ ಸೌಲಭ್ಯ ಉಳಿದಿದೆ ಎಂದು ನೇರವಾಗಿ ಕೇಳಿ.

ಆಸ್ಟಿನ್‌ನಿಂದ: ಮುದ್ರಿತ ಫೀಸು ಮರೆತುಬಿಡಿ. ಟ್ಯೂಷನ್, ಹಾಸ್ಟೆಲ್, ಊಟ, ಪುಸ್ತಕ ಎಲ್ಲ ಕೂಡಿಸಿ, ಅದರಿಂದ ಗ್ರಾಂಟ್ ಮತ್ತು ಸ್ಕಾಲರ್‌ಶಿಪ್ ಮಾತ್ರ ಕಳೆಯಿರಿ. ಆಫರ್ ಲೆಟರ್‌ನಲ್ಲಿ ಸಾಲವನ್ನೂ ‘ನೆರವು’ ಎಂದೇ ಸೇರಿಸಿರುತ್ತಾರೆ, ಮೋಸಹೋಗುವುದು ಇಲ್ಲೇ.

ಪ್ರಶ್ನೆ ಕೇಳಿದವರು: ವರ್ಕ್-ಸ್ಟಡಿ ಕಳೆಯಬಾರದಾ?

ಆಸ್ಟಿನ್‌ನಿಂದ: ಬೇಡ. ಅದು ದುಡಿದ ಮೇಲೆ ಸಂಬಳವಾಗಿ ಬರುವ ಹಣ, ಸೆಮಿಸ್ಟರ್ ಬಿಲ್ ಕಟ್ಟುವ ದಿನ ಕೈಯಲ್ಲಿರುವುದಿಲ್ಲ. ಸ್ಕಾಲರ್‌ಶಿಪ್ ನಾಲ್ಕೂ ವರ್ಷ ಬರುತ್ತದೆಯೇ, ಎಷ್ಟು ಜಿಪಿಎ ಬೇಕು ಎಂದು ಬರಹದಲ್ಲೇ ಪಡೆಯಿರಿ. ಪದವಿಗೆ 120 ಕ್ರೆಡಿಟ್ ಅಂದರೆ ಸೆಮಿಸ್ಟರ್‌ಗೆ 15. ಫುಲ್-ಟೈಮ್‌ಗೆ 12 ಸಾಕು ಎಂದು ಅಷ್ಟೇ ತೆಗೆದುಕೊಂಡರೆ ಐದನೇ ವರ್ಷದ ಖರ್ಚು ನಿಮ್ಮದೇ. ಆ 12ರಲ್ಲೂ ಒಂದು ಕೋರ್ಸ್ ಬಿಟ್ಟರೆ ನೆರವಿಗೇ ಕತ್ತರಿ.

ಹೂಸ್ಟನ್‌ನಿಂದ: ಅವಳು ಅಮೆರಿಕದ ಪ್ರಜೆಯಾದ್ದರಿಂದ ಎಫ್‌ಎಎಫ್‌ಎಸ್‌ಎ (ಕೇಂದ್ರದ ನೆರವಿನ ಅರ್ಜಿ) ತುಂಬಬಹುದು, ನಿಮ್ಮ ವೀಸಾ ಅಡ್ಡಬರುವುದಿಲ್ಲ. ಜಂಟಿ ತೆರಿಗೆ ರಿಟರ್ನ್ ಹಾಕಿದ್ದರೆ ಅರ್ಜಿಯ ತಾಣದಲ್ಲಿ ಇಬ್ಬರಲ್ಲಿ ಒಬ್ಬರ ಖಾತೆ ಸಾಕು. ಸೋಶಿಯಲ್ ಸೆಕ್ಯೂರಿಟಿ ನಂಬರ್ ಇರುವ ಯಜಮಾನರದ್ದೇ ಸಲೀಸು. ಹೆಸರು ಆ ಕಾರ್ಡಿನಲ್ಲಿದ್ದಂತೆ ಅಕ್ಷರಶಃ ಬರೆಯಿರಿ. ಇನಿಷಿಯಲ್ ಬಿಡಿಸಿ ಬರೆದದ್ದು, ಪಾಸ್‌ಪೋರ್ಟ್‌ನಲ್ಲಿ ಒಂದೇ ಹೆಸರಿದ್ದು ‘ಎಫ್‌ಎನ್‌ಯು’ (ಮೊದಲ ಹೆಸರು ಗೊತ್ತಿಲ್ಲ) ಎಂದು ಬಿದ್ದದ್ದು: ನಮ್ಮವರ ಖಾತೆಗಳು ಸಿಕ್ಕಿಹಾಕಿಕೊಳ್ಳುವುದು ಇಂಥಲ್ಲೇ. ತೆರಿಗೆ ಮಾಹಿತಿಗೆ ಒಪ್ಪಿಗೆ ಕೊಡದಿದ್ದರೆ ಕೇಂದ್ರದ ನೆರವು ಸೊನ್ನೆ. ಆದಾಯ ಹೆಚ್ಚಿದ್ದು ಪೆಲ್ ಗ್ರಾಂಟ್ (ಕಡಿಮೆ ಆದಾಯದವರಿಗೆ ಕೇಂದ್ರದ ನೆರವು) ಸಿಗದಿದ್ದರೂ ತುಂಬಿ. ಮೊದಲ ವರ್ಷದ 5,500 ಡಾಲರ್ ಕೇಂದ್ರದ ಸಾಲಕ್ಕೂ ಅದೇ ಅರ್ಜಿ. (ಎಚ್-4 ಮಕ್ಕಳಿಗೆ ಈ ದಾರಿ ಇಲ್ಲ.)

ಸ್ಯಾನ್ ಹೋಸೆಯಿಂದ: ಸಣ್ಣ ಕಾಲೇಜಿನ ನಿಜವಾದ ಅಪಾಯ ಬಾಗಿಲು ಮುಚ್ಚುವುದು. ನಮ್ಮೂರಿನ ನ್ಯಾಷನಲ್ ಹಿಸ್ಪಾನಿಕ್ ಯೂನಿವರ್ಸಿಟಿ 1981ರಲ್ಲಿ ಶುರುವಾಗಿ, 2010ರಲ್ಲಿ ಲಾಭಕ್ಕಾಗಿ ಕಾಲೇಜು ನಡೆಸುವ ಲಾರಿಯೇಟ್ ಕಂಪನಿಯ ಕೈಸೇರಿ, 2015ರಲ್ಲಿ ಮುಚ್ಚಿತು. ನಿಮ್ಮದು 1895ರಿಂದ ನಡೆದುಬಂದ ಕ್ಯಾಥೊಲಿಕ್ ಸಂಸ್ಥೆ, ಲಾಭಕ್ಕಾಗಿ ನಡೆಸುವುದಲ್ಲ. ಅದನ್ನೂ ಇದನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಆದರೂ ಪ್ರಾದೇಶಿಕ ಮಾನ್ಯತಾ ಸಂಸ್ಥೆ ಎಸ್‌ಎಸಿಎಸ್‌ಸಿಒಸಿಯ ತಾಣದಲ್ಲಿ ಹೆಸರು ಹುಡುಕಿ, ಮುಂದೆ ‘ವಾರ್ನಿಂಗ್’ ಅಥವಾ ‘ಪ್ರೊಬೇಷನ್’ ಎಂದಿದೆಯೇ ನೋಡಿ. ಕೇಂದ್ರ ಶಿಕ್ಷಣ ಇಲಾಖೆಯ ಕಾಲೇಜ್ ಸ್ಕೋರ್‌ಕಾರ್ಡ್ ತಾಣದಲ್ಲಿ ಪದವಿ ಮುಗಿಸುವವರ ಪ್ರಮಾಣವೂ ಸಿಗುತ್ತದೆ.

ಡಲ್ಲಾಸ್‌ನಿಂದ: ಇನ್ನೊಂದು ಬಿಟ್ಟುಹೋಯಿತು. ಸೋಶಿಯಲ್ ವರ್ಕ್‌ಗೆ ಕಾಲೇಜಿನ ಮಾನ್ಯತೆಯಷ್ಟೇ ಸಾಲದು, ಆ ಕೋರ್ಸಿಗೇ ಸಿಎಸ್‌ಡಬ್ಲ್ಯುಇ (ಸೋಶಿಯಲ್ ವರ್ಕ್ ಶಿಕ್ಷಣ ಮಂಡಳಿ) ಮಾನ್ಯತೆ ಇರಬೇಕು; ಇಲ್ಲದಿದ್ದರೆ ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಸಿಗದು. ಅವರ ಮಾನ್ಯ ಕೋರ್ಸ್‌ಗಳ ಪಟ್ಟಿಯನ್ನು ಡೆಪಾಸಿಟ್ ಕಟ್ಟುವ ಮೊದಲು ನೋಡಿ.