ಸಹಾಯ ಬೇಕು: ಕ್ಲಿಕ್ (ಮೆಟ್ರೋನೋಮ್) ಇಲ್ಲದ ಸಂಗೀತ ಕಚೇರಿ ರೆಕಾರ್ಡಿಂಗ್ ಮಿಕ್ಸ್ ಮಾಡಲು ಆಡಿಯೋ ಸಾಫ್ಟ್‌ವೇರ್‌ಗಳಲ್ಲಿ ರೀಪರ್ ಸಾಕೇ, ಕ್ಯೂಬೇಸ್ ಪ್ರೋ ಬೇಕೇ?

ಗಾಯನಕ್ಕೆ, ಪಿಟೀಲಿಗೆ ಒಂದೊಂದು ಮೈಕ್, ಮೃದಂಗಕ್ಕೆ ಎರಡು. 48 ಕಿಲೋಹರ್ಟ್ಸ್, 24 ಬಿಟ್. ವಿಂಡೋಸ್ ಲ್ಯಾಪ್‌ಟಾಪ್, ಹಾಗಾಗಿ ಮ್ಯಾಕ್‌ನಲ್ಲಷ್ಟೇ ಓಡುವ ಲಾಜಿಕ್ ಪ್ರೋ ಪ್ರಶ್ನೆಯೇ ಇಲ್ಲ.

ಮುಖ್ಯ ತೊಡಕು ತಾಳದ ಗ್ರಿಡ್, ಅಂದರೆ ಪರದೆಯ ಮೇಲೆ ತಾಳದ ಪೆಟ್ಟುಗಳನ್ನು ತೋರಿಸುವ ಗೆರೆಗಳು. ಕೀರ್ತನೆ ಮಿಶ್ರಛಾಪು, 7/8 ಇಟ್ಟಿದ್ದೇನೆ. ರೀಪರ್‌ನಲ್ಲಿ ಪ್ರಾಜೆಕ್ಟ್ ಟೈಮ್‌ಬೇಸ್ (ಆಡಿಯೋ ಯಾವುದಕ್ಕೆ ಅಂಟಿಕೊಂಡಿರಬೇಕು ಎಂಬ ಸೆಟ್ಟಿಂಗ್) 'ಬೀಟ್ಸ್' ಅಂತಲೇ ಬಿಟ್ಟರೆ ಟೆಂಪೋ (ಲಯದ ವೇಗ) ಮಾರ್ಕರ್ ಸರಿಸಿದ ಕೂಡಲೇ ಆಡಿಯೋ ಕೂಡ ಜರುಗುತ್ತದೆ. ಅದನ್ನು 'ಟೈಮ್'ಗೆ ಬದಲಿಸಿ, ಒಂದು ಆವರ್ತನ (ತಾಳದ ಒಂದು ಸುತ್ತು) ಸೆಲೆಕ್ಟ್ ಮಾಡಿ, ಅದರಿಂದ ಟೆಂಪೋ ಲೆಕ್ಕ ಹಾಕಲು ಆಲ್ಟ್+ಶಿಫ್ಟ್+ಸಿ ಒತ್ತಿದರೆ ಗ್ರಿಡ್ ಸರಿಯಾಗಿ ಕೂರುತ್ತದೆ. ಆದರೆ ಸ್ವರಪ್ರಸ್ತಾರದಲ್ಲಿ ಲಯ ತುಸು ಏರುತ್ತದೆ, ಆಗ ಆವರ್ತನಕ್ಕೊಮ್ಮೆ ಇದೇ ಕೆಲಸ. ಟೆಂಪೋವನ್ನು ತಾನೇ ಗುರುತಿಸುವ ಕ್ಯೂಬೇಸ್‌ನ ಟೆಂಪೋ ಡಿಟೆಕ್ಷನ್ ಮೃದಂಗದ ಟ್ರ್ಯಾಕ್ ಮೇಲೆ ಎಷ್ಟು ನಂಬಿಕಸ್ಥ? ನಡೆ (ಪ್ರತಿ ಪೆಟ್ಟಿನ ಒಳವಿಭಜನೆ) ಬದಲಾದಾಗ, ಮೃದಂಗ ನಿಂತು ಮತ್ತೆ ಎತ್ತಿಕೊಂಡಾಗ ದಾರಿ ತಪ್ಪುತ್ತದೆಯೇ?

ಇನ್ನೊಂದು, ಮೃದಂಗದ ಫೇಸ್ (phase), ಅಂದರೆ ಎರಡು ಮೈಕ್‌ಗಳ ಧ್ವನಿತರಂಗಗಳ ಹೊಂದಾಣಿಕೆ. ಎರಡು ಮೈಕ್‌ಗಳು ಎದುರುಬದುರು ಇರುವುದರಿಂದ ಮೋನೋದಲ್ಲಿ (ಎರಡನ್ನೂ ಒಂದೇ ಚಾನೆಲ್‌ಗೆ ಬೆರೆಸಿದಾಗ) ಎಡಮುಖದ ಗುಂಕಿ (ತಗ್ಗು ನಾದ) ಸೊರಗುತ್ತದೆ. ಒಂದರ ಪೊಲಾರಿಟಿ (ತರಂಗದ ಧನ-ಋಣ ದಿಕ್ಕು) ತಿರುಗಿಸಿದರೆ ಬಹಳಷ್ಟು ವಾಪಸ್ ಬರುತ್ತದೆ. ಮೈಕ್‌ಗಳ ದೂರ ಅರ್ಧ ಮೀಟರ್ ವ್ಯತ್ಯಾಸವಾದರೆ ಸುಮಾರು 1.5 ಮಿಲಿಸೆಕೆಂಡ್, ಅಂದರೆ 70 ಸ್ಯಾಂಪಲ್ ತಡ. ಇದನ್ನೂ ಸರಿಸಿ ಜೋಡಿಸುತ್ತೀರಾ, ಪೊಲಾರಿಟಿಗೇ ನಿಲ್ಲಿಸುತ್ತೀರಾ? ಜೋಡಿಸಿದರೆ ಬಲಮುಖದ ನಾದ ಮಂಕಾಗುತ್ತದೆ ಎಂಬುದೇ ನನ್ನ ಅಳುಕು.

ರೀಪರ್‌ನ 60 ಡಾಲರ್ ಲೈಸೆನ್ಸ್‌ಗೆ ಹೋಲಿಸಿದರೆ ಕ್ಯೂಬೇಸ್ ಪ್ರೋ ಬಹಳ ದುಬಾರಿ. ಟೆಂಪೋ ಡಿಟೆಕ್ಷನ್ ಒಂದಕ್ಕಾಗಿ ಅಷ್ಟು ಕೊಡಬಹುದೇ? ಎರಡರಲ್ಲೂ ಶಾಸ್ತ್ರೀಯ ಸಂಗೀತ ಮಿಕ್ಸ್ ಮಾಡಿದವರು ದಯವಿಟ್ಟು ತಿಳಿಸಿ.